ಆದರ್ಶ ಊರಿನ ಅಡುಗೆಮನೆ

(ಕೊಪ್ಪಳದ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಊರಿನ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ)

ಹಟ್ಟಿಯಿಂದ ಬಂದವರು ಇಲ್ಲಿ ಯಾರಾದರೂ ಇದ್ದೀರಾ? ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದೀರಿ, ಸರಿ. ನಿಮ್ಮಿಂದಲೇ ಶುರು ಮಾಡೋಣ. ಲಿಂಗಸುಗೂರು ತಾಲ್ಲೂಕಿನ ಆ ನೆಲದಲ್ಲಿ ಜನ ಎಷ್ಟು ಆಳಕ್ಕೆ ಇಳಿಯುತ್ತಾರೆ, ಎಷ್ಟು ಕಲ್ಲು ಒಡೆದರೆ ಎಷ್ಟು ಚೂರು ಚಿನ್ನ ಸಿಗುತ್ತದೆ ಎನ್ನುವುದನ್ನು ನೀವು ಮನೆಯಲ್ಲೇ ಕೇಳಿ ಬೆಳೆದಿರುತ್ತೀರಿ. ಅಂಥ ಚಿನ್ನದಲ್ಲಿ ಒಂದು ದೇಶದ ಜನ ರಾತ್ರಿ ಮೂತ್ರ ಮಾಡುವ ಪಾತ್ರೆ ಮಾಡಿಸಿಕೊಳ್ಳುತ್ತಾರೆ ಎಂದರೆ ಏನನ್ನುತ್ತೀರಿ?

1516ರಲ್ಲಿ ಥಾಮಸ್ ಮೋರ್ ಎಂಬ ಇಂಗ್ಲೆಂಡಿನ ವಕೀಲ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಯುಟೋಪಿಯಾ’ ಪುಸ್ತಕದ ದ್ವೀಪದಲ್ಲಿ ಹೀಗೇ ಇದೆ. ಅಲ್ಲಿ ದುಡ್ಡಿಲ್ಲ, ಖಾಸಗಿ ಆಸ್ತಿ ಇಲ್ಲ. ದಿನಕ್ಕೆ ಆರು ತಾಸು ದುಡಿದರೆ ಸಾಕು, ಊರಿಗೆಲ್ಲ ಬೇಕಾದದ್ದು ಬೆಳೆಯುತ್ತದೆ. ಚಿನ್ನಕ್ಕೆ ಅಲ್ಲಿ ಮರ್ಯಾದೆಯೇ ಇಲ್ಲ. ಮೂತ್ರದ ಪಾತ್ರೆಗೆ, ಗುಲಾಮರ ಕಾಲಿನ ಸಂಕೋಲೆಗೆ ಅದು. ಒಮ್ಮೆ ಹೊರದೇಶದ ರಾಯಭಾರಿಗಳು ಮೈತುಂಬ ಚಿನ್ನ ಹೇರಿಕೊಂಡು ಬರುತ್ತಾರೆ. ಬೀದಿಯ ಜನ ಅವರನ್ನು ಗುಲಾಮರು ಎಂದುಕೊಂಡು, ಸಾದಾ ಬಟ್ಟೆಯಲ್ಲಿದ್ದ ಆಳುಗಳಿಗೆ ಕೈ ಮುಗಿಯುತ್ತಾರೆ. ಒಬ್ಬ ಹುಡುಗ ತಾಯಿಯ ಪಕ್ಕೆ ತಿವಿದು, ಇಷ್ಟು ದೊಡ್ಡವನಾದರೂ ಸಣ್ಣ ಮಕ್ಕಳ ಹಾಗೆ ಮುತ್ತು ಹಾಕಿಕೊಂಡಿದ್ದಾನಲ್ಲ ಎಂದು ತೋರಿಸುತ್ತಾನೆ. ಐನೂರು ವರ್ಷದ ಹಿಂದಿನ ಪುಸ್ತಕ. ನಮ್ಮ ಮದುವೆ ಮಂಟಪಗಳಲ್ಲಿ ಕೂತು ಓದಬೇಕಾದ ಪುಟ ಅದು.

ಆದರೆ ಅದೇ ದ್ವೀಪದ ಊಟದ ಮನೆಗೆ ಹೋಗಿ ನೋಡಿ. ಊರಿನವರೆಲ್ಲ ಸಾಲಾಗಿ ಕೂತು ಉಣ್ಣುವ ದೊಡ್ಡ ಪಡಸಾಲೆ. ಅಡುಗೆ ಮಾಡುವವರು ಯಾರು? ಹೆಂಗಸರು. ಅದರಲ್ಲೂ ಮೈ ಮುರಿಯುವ, ಕೈ ಹೊಲಸಾಗುವ ಕೆಲಸ? ಗುಲಾಮರದು. ಹಬ್ಬದ ದಿನ ದೇವಸ್ಥಾನಕ್ಕೆ ಹೋಗುವ ಮುಂಚೆ ಹೆಂಡತಿ ಗಂಡನ ಮುಂದೆ ಮಂಡಿಯೂರಿ ತನ್ನ ತಪ್ಪು ಒಪ್ಪಿಕೊಳ್ಳಬೇಕು. ಗಂಡ ಯಾರ ಮುಂದೆ ಮಂಡಿಯೂರುತ್ತಾನೆ ಎಂದು ಹುಡುಕಿದರೆ ಸಿಗುವುದಿಲ್ಲ. ಚಿನ್ನದ ಹುಚ್ಚನ್ನು ಅಷ್ಟು ಸ್ಪಷ್ಟವಾಗಿ ಕಂಡ ಮನುಷ್ಯನಿಗೆ ಅಡುಗೆಮನೆ ಕಾಣಲಿಲ್ಲ.

ಇವತ್ತು ನಾನು ನಿಮ್ಮ ಜೊತೆ ಹಂಚಿಕೊಳ್ಳಬೇಕೆಂದಿರುವುದು ಇಷ್ಟೇ. ಯಾರೇ ನಿಮ್ಮನ್ನು ಒಂದು ಆದರ್ಶ ಊರಿಗೆ ಕರೆದುಕೊಂಡು ಹೋಗಲಿ, ಕಥೆಗಾರ ಆಗಿರಲಿ, ರಾಜಕಾರಣಿ ಆಗಿರಲಿ, ಸ್ವಾಮಿಗಳು ಆಗಿರಲಿ, ಮೊದಲು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ. ಅಡುಗೆ ಯಾರು ಮಾಡುತ್ತಾರೆ, ಮುಸುರೆ ಯಾರು ತಿಕ್ಕುತ್ತಾರೆ, ಕೂಸು ಯಾರ ಕಂಕುಳಲ್ಲಿದೆ, ಕಕ್ಕಸು ಯಾರು ತೊಳೆಯುತ್ತಾರೆ, ನೋಡಿ. ಆಮೇಲೆ ಮುಂಬಾಗಿಲಿಗೆ ಬಂದು ತೋರಣದ ಚಂದ ಹೇಳಿ.

ಸೈನ್ಸ್ ಫಿಕ್ಷನ್, ಫ್ಯಾಂಟಸಿ ಎಂದ ಕೂಡಲೇ ರಾಕೆಟ್ಟು, ರೋಬೋಟು ನೆನಪಾಗುತ್ತವೆ. ನನಗೆ ಅವುಗಳಲ್ಲಿ ಆಸಕ್ತಿ ಕಡಿಮೆ. ‘ಹೀಗಿದ್ದರೆ ಹೇಗೆ?’ ಎಂಬ ಒಂದೇ ಪ್ರಶ್ನೆ ಹಿಡಿದು ಹೊರಡುವ ಕಥೆಗಳ ಬಗ್ಗೆ ನನ್ನ ಮಾತು. ಇದೇನು ನಮಗೆ ಹೊರಗಿನಿಂದ ಬಂದ ಚಟವಲ್ಲ. ಅಕ್ಕಿ ಮತ್ತು ರಾಗಿ ಬಾಯಿ ಬಂದು ಜಗಳಾಡಿದರೆ ಹೇಗೆ ಎಂದು ಕನಕದಾಸರು ಕೇಳಿದರು. ಯಾರು ಹೆಚ್ಚು ಎಂಬ ಅವುಗಳ ಜಗಳದಲ್ಲಿ ಯಾರ ಉಣಿಸು ಯಾವುದು, ಯಾವ ಜಾತಿಯವರ ಗಂಗಾಳದಲ್ಲಿ ಯಾವುದು ಬೀಳುತ್ತದೆ ಎಂಬ ಮಾತೆಲ್ಲ ಹೊರಗೆ ಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ‘ರಾಮಧಾನ್ಯ ಚರಿತೆ’ಯನ್ನು ನೀವು ಪಠ್ಯದಲ್ಲಿ ಓದಿ ಮರೆತಿರಬಹುದು, ಮತ್ತೊಮ್ಮೆ ತೆಗೆದು ನೋಡಿ. ಅಷ್ಟೇ ಏಕೆ, ಈ ಊರಿನ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕ ಕೊರೆಸಿದ ಮಾತು ಏನು? ದೊಡ್ಡವರು ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರೂ ಆ ಎತ್ತರ ಮುಟ್ಟಬಹುದು ಎಂದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಅರಸ ಹೇಳಿದ ‘ಹೀಗಿದ್ದರೆ’ ಅದು. ಇಲ್ಲಿಯವರು ಎಷ್ಟು ಜನ ಆ ಬಂಡೆಯ ಹತ್ತಿರ ನಿಂತು ನೋಡಿದ್ದೀರಿ? ಹೋಗಿ ಬನ್ನಿ, ದೂರವೇನಿಲ್ಲ.

ಈಗ ನನಗೆ ತುಂಬ ಪ್ರೀತಿಯ ಕಥೆಗೆ ಬರುತ್ತೇನೆ.

1905ರಲ್ಲಿ ಮದರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಅಚ್ಚಾಯಿತು. ಬರೆದವರು ರೊಕೇಯಾ ಸಖಾವತ್ ಹುಸೇನ್. ಬಂಗಾಳದ ರಂಗಪುರ ಸೀಮೆಯ ಪೈರಾಬಂದ್ ಎಂಬ ಹಳ್ಳಿಯ ಜಮೀನ್ದಾರರ ಮನೆಯ ಮಗಳು. ಕಟ್ಟುನಿಟ್ಟಿನ ಪರದೆ. ಗಂಡುಮಕ್ಕಳಿಗೆ ಶಾಲೆ, ಹೆಣ್ಣುಮಕ್ಕಳಿಗೆ ಇಲ್ಲ. ಅಣ್ಣ ರಾತ್ರಿ ಹೊತ್ತು ಗುಟ್ಟಾಗಿ ಇಂಗ್ಲಿಷ್ ಕಲಿಸಿದ. ಮದುವೆಯಾಗಿ ಭಾಗಲ್ಪುರಕ್ಕೆ ಹೋದರು, ಗಂಡ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅವರು ಒಮ್ಮೆ ಕೆಲಸದ ಮೇಲೆ ಪ್ರವಾಸ ಹೋದಾಗ ಈಕೆ ಹೊತ್ತು ಹೋಗಲೆಂದು ಬರೆದ ಕಥೆ ಇದು. ಗಂಡ ಬಂದು ನಿಂತಲ್ಲೇ ಓದಿ ಮುಗಿಸಿ ‘ಭಯಂಕರ ಸೇಡು!’ ಎಂದರಂತೆ.

ಕಥೆಯಲ್ಲಿ ಸುಲ್ತಾನಾ ಎಂಬಾಕೆ ಕುರ್ಚಿಯಲ್ಲಿ ಒರಗಿ ಕೂತಿದ್ದಾಗ ಸಾರಾ ಎಂಬ ಗೆಳತಿಯಂಥವಳು ಬಂದು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಹಗಲು, ನಡುಬೀದಿ, ಸುಲ್ತಾನಾಳ ಮೇಲೆ ಬುರ್ಖಾ ಇಲ್ಲ. ಹೆಜ್ಜೆ ತಡವರಿಸುತ್ತದೆ. ಬೀದಿಯ ಹೆಂಗಸರು ನೋಡಿ, ಈಕೆ ಗಂಡಸರ ಹಾಗೆ ಇದ್ದಾಳೆ ಎಂದು ನಗುತ್ತಾರೆ. ಗಂಡಸರ ಹಾಗೆ ಎಂದರೆ? ಗಂಡಸರ ಹಾಗೆ ನಾಚಿಕೆ, ಅಂಜಿಕೆ! ಅದು ಹೆಂಗಸರ ರಾಜ್ಯ. ಗಂಡಸರೆಲ್ಲ ಮನೆಯೊಳಗೆ.

ಗಂಡಸರನ್ನು ಯಾಕೆ ಕೂಡಿ ಹಾಕಿದಿರಿ ಎಂದು ಸುಲ್ತಾನಾ ಕೇಳಿದಾಗ ಸಾರಾ ಕೊಡುವ ಉತ್ತರವನ್ನು ಗಮನಿಸಿ. ಹುಚ್ಚಾಸ್ಪತ್ರೆಯಿಂದ ಕೆಲವರು ತಪ್ಪಿಸಿಕೊಂಡು ಬಂದು ಜನರ ಮೇಲೆ ಬೀಳತೊಡಗಿದರೆ ನಿಮ್ಮ ಊರಿನಲ್ಲಿ ಏನು ಮಾಡುತ್ತೀರಿ? ಅವರನ್ನು ಹಿಡಿದು ಒಳಗೆ ಹಾಕುತ್ತೀರೋ, ಇಲ್ಲಾ ಅವರನ್ನು ಬೀದಿಯಲ್ಲಿ ಬಿಟ್ಟು ನೆಟ್ಟಗಿರುವವರನ್ನು ಒಳಗೆ ಹಾಕುತ್ತೀರೋ? ಹಾಗೆಲ್ಲಾದರೂ ಮಾಡುತ್ತಾರೆಯೇ ಎಂದು ಸುಲ್ತಾನಾ ನಗುತ್ತಾಳೆ. ನಿಮ್ಮ ದೇಶದಲ್ಲಿ ನಡೆಯುತ್ತಿರುವುದು ಅದೇ ಎನ್ನುತ್ತಾಳೆ ಸಾರಾ.

ನೂರಿಪ್ಪತ್ತು ವರ್ಷವಾಯಿತು ಈ ಪ್ರಶ್ನೆಗೆ. ಇಲ್ಲಿ ಕೂತಿರುವ ಹೆಣ್ಣುಮಕ್ಕಳಲ್ಲಿ ಕುಷ್ಟಗಿಯಿಂದ, ಯಲಬುರ್ಗಾದಿಂದ ಬಸ್ಸಿಗೆ ಬರುವವರು ಇದ್ದೀರಿ. ಈ ಮಾತು ಮುಗಿಯುವಷ್ಟರಲ್ಲಿ ಎಷ್ಟು ಗಂಟೆಯಾಗುತ್ತದೋ ಎಂದು ಆಗಲೇ ಗೋಡೆಯ ಗಡಿಯಾರ ನೋಡುತ್ತಿದ್ದೀರಿ. ಹಾಸ್ಟೆಲಿನಲ್ಲಿ ಇರುವವರಿಗೆ ಗೇಟಿನ ಚಿಂತೆ. ಹುಡುಗರ ಹಾಸ್ಟೆಲಿನ ಗೇಟು ಯಾವಾಗ ಹಾಕುತ್ತಾರೆ, ಹುಡುಗಿಯರದು ಯಾವಾಗ? ಕಾಡಿಸುವವನು ರಸ್ತೆಯ ಮೇಲೆ, ಕಾಡಿಸಿಕೊಳ್ಳುವವಳು ಗೇಟಿನ ಒಳಗೆ. ರೊಕೇಯಾ ಕೇಳಿದ್ದು ಇದನ್ನೇ. ಪರದೆಯ ಹಿಂದಿದ್ದುಕೊಂಡು, ತಾನು ಶಾಲೆಯನ್ನೇ ಕಾಣದೆ ಕೇಳಿದ್ದು. ನನಗೆ ಆಕೆಯ ಧೈರ್ಯದ ಮುಂದೆ ತಲೆ ಬಾಗುತ್ತದೆ.

ಇನ್ನು ಅಡುಗೆಮನೆ. ಸಾರಾ ಸುಲ್ತಾನಾಳನ್ನು ಅಡುಗೆಮನೆಗೂ ಕರೆದುಕೊಂಡು ಹೋಗುತ್ತಾಳೆ. ಕಾಯಿಪಲ್ಲೆ ತೋಟದ ನಡುವೆ ಕಟ್ಟಿದ ಮನೆ. ಹೊಗೆ ಇಲ್ಲ, ಹೊಗೆ ಹೋಗಲು ಕೊಳವೆಯೂ ಇಲ್ಲ, ಕಲ್ಲಿದ್ದಲಿಲ್ಲ, ಬೆಂಕಿಯ ಗುರುತೇ ಇಲ್ಲ. ಬಿಸಿಲಿನ ಶಾಖದಿಂದ ಅಡುಗೆ. ಒಲೆಯ ಮುಂದೆ ಊದುಕೊಳವೆ ಹಿಡಿದು ಕೆಮ್ಮಿದ ಅವ್ವಂದಿರನ್ನು ಕಂಡವರಿಗೆ ಗೊತ್ತು, ಈ ವಿವರ ಯಾಕೆ ಮುಖ್ಯ ಎಂದು. ಮೋರ್ ಬಿಟ್ಟ ಜಾಗವನ್ನು ಒಬ್ಬ ಹೆಂಗಸು ನೇರವಾಗಿ ಹೊಕ್ಕಳು. ಆ ರಾಜ್ಯದ ಒಂದು ಮಹಿಳಾ ವಿಶ್ವವಿದ್ಯಾಲಯ ಮೋಡದಿಂದಲೇ ನೀರು ಸೆಳೆಯುವ ಬಲೂನು ಮಾಡಿದರೆ, ಇನ್ನೊಂದು ಬಿಸಿಲನ್ನು ಹಿಡಿದಿಡುವ ಯಂತ್ರ ಮಾಡುತ್ತದೆ. ಆಗ ಗಂಡಸರು ಸೈನ್ಯ ಕಟ್ಟುವುದರಲ್ಲಿ ಮುಳುಗಿದ್ದರು, ಇದನ್ನೆಲ್ಲ ಭಾವುಕರ ದುಃಸ್ವಪ್ನ ಎಂದು ಹೀಯಾಳಿಸಿದರು. ಯುದ್ಧ ಬಂದಾಗ ಸೈನ್ಯ ಸೋತಿತು. ಶತ್ರುವಿನ ಮೇಲೆ ಬಿಸಿಲನ್ನು ತಿರುಗಿಸಿ ದೇಶ ಉಳಿಸಿದವರು ಎರಡನೆಯ ವಿಶ್ವವಿದ್ಯಾಲಯದ ಹುಡುಗಿಯರು. ರಾಯಚೂರಿನ ಏಪ್ರಿಲ್ ಬಿಸಿಲು ಉಂಡ ನಮಗೆ ಈ ಆಯುಧದ ಬಲ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ರಾಜ್ಯದ ಹೆಂಗಸರ ಕೆಲಸ ದಿನಕ್ಕೆ ಎರಡೇ ತಾಸು. ಅದು ಹೇಗೆ ಎಂದರೆ ಸಾರಾ ಲೆಕ್ಕ ಒಪ್ಪಿಸುತ್ತಾಳೆ: ಒಂದು ಚುಟ್ಟಾ ಸುಟ್ಟು ಮುಗಿಯಲು ಅರ್ಧ ತಾಸು, ದಿನಕ್ಕೆ ಹನ್ನೆರಡು ಚುಟ್ಟಾ, ಗಂಡಸರ ಆರು ತಾಸು ಅದಕ್ಕೇ ಹೋಯಿತು.

ಕೆಲವರು ಕೇಳುತ್ತಾರೆ, ಹೆಂಗಸರನ್ನು ಕೂಡಿ ಹಾಕುವುದು ತಪ್ಪಾದರೆ ಗಂಡಸರನ್ನು ಕೂಡಿ ಹಾಕುವುದು ಹೇಗೆ ಸರಿ ಎಂದು. ಪ್ರಶ್ನೆ ನ್ಯಾಯವಾದದ್ದೇ. ಸುಲ್ತಾನಾ ಅಡುಗೆಮನೆಗೆ ಬರುತ್ತಾಳೆಂದು ಅಲ್ಲಿದ್ದ ಗಂಡಸರನ್ನು ಮೊದಲೇ ಒಳಗೆ ಕಳಿಸಿರುತ್ತಾರೆ. ಅಂದರೆ ಅಡುಗೆ ಈಗಲೂ ಒಳಗೆ ಬಂದಿಯಾಗಿರುವವರ ಕೆಲಸವೇ. ನನಗನ್ನಿಸುವುದು, ರೊಕೇಯಾ ನಮಗೆ ನಕ್ಷೆ ಕೊಡಲಿಲ್ಲ. ಹೆಂಗಸರ ದಿನನಿತ್ಯದ ಬದುಕನ್ನು ಹಾಗೇ ಎತ್ತಿ ಗಂಡಸರ ಮೇಲೆ ಇಟ್ಟು ತೋರಿಸಿದರು. ಗಂಡಸರು ಒಳಗಿರುವುದು ನಮಗೆ ಅನ್ಯಾಯ ಎನಿಸಿದ ಕ್ಷಣದಲ್ಲೇ ಕಥೆ ತನ್ನ ಕೆಲಸ ಮುಗಿಸಿರುತ್ತದೆ. ಬದುಕಿನಲ್ಲಿ ಆಕೆ ಆರಿಸಿಕೊಂಡ ದಾರಿ ಬೇರೆ: 1911ರಲ್ಲಿ ಕಲ್ಕತ್ತೆಯಲ್ಲಿ ಗಂಡನ ನೆನಪಿಗೆ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳಿಸಿಕೊಡಿ ಎಂದು ಕೇಳಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ.

ಇನ್ನೊಂದು ‘ಹೀಗಿದ್ದರೆ’. ಗಂಡು ಹೆಣ್ಣು ಎಂಬುದೇ ಹುಟ್ಟಿನಿಂದ ಬರದಿದ್ದರೆ? ಅಮೆರಿಕದ ಅರ್ಸುಲಾ ಲೆ ಗ್ವಿನ್ 1969ರಲ್ಲಿ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಎಂಬ ಕಾದಂಬರಿ ಬರೆದರು. ಗೆಥೆನ್ ಎಂಬ ಹಿಮದ ಗ್ರಹ. ಅಲ್ಲಿಯ ಮನುಷ್ಯರಿಗೆ ತಿಂಗಳಲ್ಲಿ ಕೆಲವೇ ದಿನ ಲಿಂಗ ಇರುತ್ತದೆ, ಆಗಲೂ ಈ ಸಲ ಗಂಡಾಗುತ್ತೇನೋ ಹೆಣ್ಣಾಗುತ್ತೇನೋ ಮೊದಲೇ ಗೊತ್ತಿರುವುದಿಲ್ಲ. ಹಲವು ಮಕ್ಕಳನ್ನು ಹೆತ್ತ ತಾಯಿಯೇ ಬೇರೆ ಮಕ್ಕಳಿಗೆ ತಂದೆಯಾಗಿರಬಹುದು. ರಾಜ ಬಸಿರಾಗುತ್ತಾನೆ, ಅದು ಅಲ್ಲಿ ಸುದ್ದಿ, ಆದರೆ ಸೋಜಿಗವಲ್ಲ. ಆ ಗ್ರಹವನ್ನು ಅಭ್ಯಾಸ ಮಾಡಿದ ಒಬ್ಬಳ ಟಿಪ್ಪಣಿ ಕಾದಂಬರಿಯಲ್ಲೇ ಇದೆ: ಹದಿನೇಳರಿಂದ ಸುಮಾರು ಮೂವತ್ತೈದು ವಯಸ್ಸಿನ ಯಾರಿಗೆ ಬೇಕಾದರೂ ಬಸಿರು ನಿಲ್ಲಬಹುದು, ಹಾಗಾಗಿ ಬೇರೆ ಕಡೆ ಹೆಂಗಸರು ಕಟ್ಟಿಹೋಗುವಷ್ಟು ಇಲ್ಲಿ ಯಾರೂ ಕಟ್ಟಿಹೋಗುವುದಿಲ್ಲ, ಬೇರೆ ಕಡೆ ಗಂಡಸರು ಇರುವಷ್ಟು ಸ್ವತಂತ್ರವಾಗಿಯೂ ಯಾರೂ ಇರುವುದಿಲ್ಲ. ಹೊರೆಯೂ ಹಂಚಿಕೆ, ಬಿಡುಗಡೆಯೂ ಹಂಚಿಕೆ.

ಭೂಮಿಯಿಂದ ಹೋದ ಗೆನ್ಲಿ ಐ ಎಂಬ ದೂತನಿಗೆ ಇದು ಅರಗುವುದಿಲ್ಲ. ಎಸ್ಟ್ರಾವೆನ್ ಎಂಬ ಅಲ್ಲಿಯ ಮಂತ್ರಿ ತನ್ನ ಹಿತೈಷಿ ಎಂದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅವನಲ್ಲಿ ಏನೋ ಹೆಣ್ಣುತನ ಕಂಡು ಇವನಿಗೆ ಅಪನಂಬಿಕೆ. ಇಬ್ಬರೂ ಸೇರಿ ಮಂಜುಗಡ್ಡೆಯ ಬಯಲನ್ನು ವಾರಗಟ್ಟಲೆ ಜಾರುಬಂಡಿ ಎಳೆದು ದಾಟಬೇಕಾಗುತ್ತದೆ. ಒಂದೇ ಡೇರೆ, ಅಳೆದು ತಿನ್ನುವ ಬುತ್ತಿ. ಆಗ ಮಾತ್ರ ಅವನು ತನ್ನೆದುರಿನ ಮನುಷ್ಯನನ್ನು ಪೂರ್ತಿಯಾಗಿ ನೋಡುತ್ತಾನೆ.

ನಮ್ಮ ನೆರೆಯ ಮುದನೂರಿನ ದಾಸಿಮಯ್ಯ ಇಂಥ ಮಾತನ್ನು ನಾಲ್ಕೇ ಸಾಲಿನಲ್ಲಿ ಹೇಳಿ ಹೋಗಿದ್ದಾನೆ, ನಿಮಗೆಲ್ಲ ಬಾಯಿಪಾಠ:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಗಡ್ಡ ಮೀಸೆ ಬಂದಡೆ ಗಂಡೆಂಬರು,
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.

ಬಾಯಿಪಾಠ ಇರುವುದು ಒಂದು, ಬಾಳುವುದು ಇನ್ನೊಂದು. ಹುಲಿಗಿ ಇಲ್ಲಿಂದ ಎಷ್ಟು ದೂರ? ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋದವರು ಅಲ್ಲಿ ಜೋಗಪ್ಪಂದಿರನ್ನು ನೋಡಿರುತ್ತೀರಿ. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ, ಕೊರಳಲ್ಲಿ ಮುತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು. ಗುಡಿಯ ಅಂಗಳದಲ್ಲಿ ಅವರ ಕಾಲಿಗೆ ಬೀಳುತ್ತೇವೆ, ಹರಕೆ ಹೇಳಿಕೊಳ್ಳುತ್ತೇವೆ. ಅದೇ ಮನುಷ್ಯರು ಮರುದಿನ ಬಾಡಿಗೆ ಮನೆ ಕೇಳಿ ಬಂದರೆ? ನಮ್ಮ ಮನೆಯ ಮಗನೇ ಸೀರೆ ಉಟ್ಟು ನಿಂತರೆ? ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತು ಬದುಕಿದವರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ನೀವೆಲ್ಲ ನೋಡಿದ್ದೀರಿ. ನಮ್ಮ ಹಳ್ಳಿಯ ಹೊಸಲಿನಲ್ಲಿ ಅಜ್ಜಿಯಂದಿರು ಮಾಡುವ ಅದೇ ಕೈಯ ಚಲನೆ. ನನಗೆ ಗೆಥೆನ್ ಗ್ರಹದ ಎಲ್ಲ ಪುಟಗಳಿಗಿಂತ ಅದು ದೊಡ್ಡದು ಅನಿಸಿತು. ಲೆ ಗ್ವಿನ್ ಅವರ ಗ್ರಹದಲ್ಲಿ ಎಲ್ಲರೂ ನಡುವಿನವರೇ, ಹಾಗಾಗಿ ಯಾರನ್ನೂ ಹೊರಗೆ ಹಾಕುವ ಪ್ರಶ್ನೆಯಿಲ್ಲ. ನಾವು ಕಟ್ಟಬೇಕಾದದ್ದು ಇದಕ್ಕಿಂತ ಕಷ್ಟದ್ದು: ಬಹಳ ಜನ ಒಂದು ಥರ, ಕೆಲವರು ಇನ್ನೊಂದು ಥರ ಇದ್ದೂ ಎಲ್ಲರಿಗೂ ಮನೆ ಸಿಗುವ ಊರು.

ಆ ಕಾದಂಬರಿಯ ಹಿತ್ತಲಿಗೂ ಹೋಗಬೇಕಲ್ಲ. ಓದಿದ ಹೆಂಗಸರು ಒಂದು ಆಕ್ಷೇಪ ಎತ್ತಿದರು. ಎಸ್ಟ್ರಾವೆನ್ ಮಂತ್ರಿಯಾಗಿ, ದೇಶಭ್ರಷ್ಟನಾಗಿ, ಜಾರುಬಂಡಿ ಎಳೆಯುವವನಾಗಿ ಕಾಣುತ್ತಾನೆ. ಮಗುವಿಗೆ ಉಣಿಸುವ ತಾಯಿಯಾಗಿ ಒಮ್ಮೆಯೂ ಕಾಣುವುದಿಲ್ಲವಲ್ಲ? ಲೆ ಗ್ವಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಮುಂದೆ ತಾವೇ ಬರೆದ ಪ್ರಬಂಧದಲ್ಲಿ ಅದನ್ನು ಒಪ್ಪಿಕೊಂಡರು. ದೊಡ್ಡ ಲೇಖಕಿ ಎನ್ನುವುದು ನನಗೆ ಖಾತ್ರಿಯಾದದ್ದು ಅಲ್ಲಿ.

ಇಲ್ಲಿ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೆನಡಾದ ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ ‘ದ ಹ್ಯಾಂಡ್‌ಮೇಡ್ಸ್ ಟೇಲ್’ ಬಗ್ಗೆ ಕೇಳಿರುತ್ತೀರಿ. ಧರ್ಮಗ್ರಂಥದ ಹೆಸರು ಹೇಳಿ ಹೆಂಗಸರ ಮೈಯನ್ನು ದೊಡ್ಡವರ ಮನೆಗಳಿಗೆ ಹಂಚುವ ರಾಜ್ಯದ ಕಥೆ. ಲೋಕದಲ್ಲಿ ಎಲ್ಲಿಯೂ, ಎಂದೂ ನಡೆಯದ ಯಾವುದನ್ನೂ ಅದರಲ್ಲಿ ಸೇರಿಸಿಲ್ಲ ಎಂದು ಆಕೆ ಹೇಳಿದ್ದಾರೆ. ಪಟ್ಟಣದ ಓದುಗರು ಅದನ್ನು ಮುಂದೆ ಬರಬಹುದಾದ ಕೇಡು ಎಂದು ಓದುತ್ತಾರೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ‘ಮುತ್ತು ಕಟ್ಟುವುದು’ ಎಂದರೆ ಏನೆಂದು ಗೊತ್ತಿಲ್ಲದ ಕೇರಿ ಇದೆಯೇ? ದೇವರ ಹೆಸರಿನಲ್ಲಿ, ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರನ್ನು ದೇವದಾಸಿಯರಾಗಿ ಬಿಡುವುದು, ಊರ ಉಳ್ಳವರ ಅನುಕೂಲಕ್ಕೆ. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಆ ಅಜ್ಜಿಯಂದಿರು ಇನ್ನೂ ಇದ್ದಾರೆ. ಅಟ್‌ವುಡ್ ಕಥೆಯನ್ನು ಅವರ ಮುಂದೆ ಹೇಳಿದರೆ ‘ಇದು ನಮ್ಮದ ಐತೆಲ್ಲವ್ವ’ ಎನ್ನುತ್ತಾರೆಯೇ ಹೊರತು ಬೆಚ್ಚಿ ಬೀಳುವುದಿಲ್ಲ. ಒಬ್ಬರಿಗೆ ಕೆಟ್ಟ ಭವಿಷ್ಯ ಎನಿಸುವುದು ಇನ್ನೊಬ್ಬರು ಈಗಾಗಲೇ ಬಾಳಿ ಬಂದ ಬದುಕು.

ಈಗ ನೀತಿಯ ವಿಷಯ. ಲೆ ಗ್ವಿನ್ ಅವರದೇ ಒಂದು ಚಿಕ್ಕ ಕಥೆ, 1973ರದು. ಓಮೆಲಾಸ್ ಎಂಬ ಊರು. ಕಡಲ ದಂಡೆ, ಬೇಸಿಗೆಯ ಹಬ್ಬ, ಗಂಟೆಗಳ ನಾದ, ಕುದುರೆ ಓಟಕ್ಕೆ ಸಿದ್ಧವಾದ ಮಕ್ಕಳು. ರಾಜನಿಲ್ಲ, ಗುಲಾಮರಿಲ್ಲ. ನಿಮಗೆ ಇನ್ನೂ ಏನು ಬೇಕೋ ಸೇರಿಸಿಕೊಳ್ಳಿ ಎನ್ನುತ್ತಾರೆ ಲೇಖಕಿ. ಸೇರಿಸಿ ಸೇರಿಸಿ ಕೊನೆಗೆ, ಈಗ ನಂಬಿಕೆ ಬಂತೇ, ಇಲ್ಲವೇ, ಹಾಗಾದರೆ ಇನ್ನೊಂದು ಹೇಳುತ್ತೇನೆ ಎಂದು ಒಂದು ನೆಲಮಾಳಿಗೆಯ ಬಾಗಿಲು ತೆರೆಯುತ್ತಾರೆ.

ಅಲ್ಲಿ ಒಂದು ಮಗು. ಹತ್ತು ವರ್ಷದ್ದು, ನೋಡಲು ಆರರ ಹಾಗಿದೆ. ದಿನಕ್ಕೆ ಅರ್ಧ ಬಟ್ಟಲು ಜೋಳದ ಹಿಟ್ಟು, ಸ್ವಲ್ಪ ಜಿಡ್ಡು. ಮೂಲೆಯಲ್ಲಿ ನೆಲ ಒರೆಸುವ ಎರಡು ಕೋಲುಗಳು, ಅವುಗಳ ತುದಿಯ ಬಟ್ಟೆ ಒಣಗಿ ಗಟ್ಟಿಯಾಗಿ ನಾರುತ್ತಿದೆ, ಪಕ್ಕದಲ್ಲಿ ಒಂದು ತುಕ್ಕು ಹಿಡಿದ ಬಕೀಟು. ಮಗುವಿಗೆ ಆ ಕೋಲುಗಳೆಂದರೆ ಭಯ. ಕಣ್ಣು ಮುಚ್ಚುತ್ತದೆ, ಆದರೂ ಅವು ಅಲ್ಲಿಯೇ ಇವೆ ಎಂದು ಅದಕ್ಕೆ ಗೊತ್ತು. ‘ನಾನು ಶಾಣ್ಯಾ ಆಗಿರ್ತೀನಿ, ಹೊರಗ ಬಿಡ್ರಿ’ ಎನ್ನುವ ಅರ್ಥದಲ್ಲಿ ಅಳುತ್ತದೆ. ಊರಿನ ಸುಖವೆಲ್ಲ, ಬೆಳೆ, ಆರೋಗ್ಯ, ಸಂಗೀತ, ಎಲ್ಲವೂ ಈ ಮಗು ಇಲ್ಲಿರುವುದರ ಮೇಲೆ ನಿಂತಿದೆ. ಅದಕ್ಕೆ ಯಾರೂ ಒಂದು ಒಳ್ಳೆಯ ಮಾತು ಕೂಡ ಆಡುವಂತಿಲ್ಲ. ಊರಿನ ಪ್ರತಿ ಮಗುವಿಗೂ ಎಂಟರಿಂದ ಹನ್ನೆರಡು ವಯಸ್ಸಿನೊಳಗೆ ಇದನ್ನು ತಿಳಿಸುತ್ತಾರೆ. ಅಳುತ್ತಾರೆ, ಸಿಟ್ಟಾಗುತ್ತಾರೆ, ನಿಧಾನಕ್ಕೆ ಒಪ್ಪಿಕೊಳ್ಳುತ್ತಾರೆ. ಕೆಲವರು ಮಾತ್ರ ಒಬ್ಬೊಬ್ಬರೇ ಊರ ಬಾಗಿಲು ದಾಟಿ ಹೊರಟುಹೋಗುತ್ತಾರೆ.

ಆ ಎರಡು ಕೋಲು ಮತ್ತು ಬಕೀಟನ್ನು ನಾನು ಮರೆಯಲಾರೆ. ಊರೆಲ್ಲ ಫಳಫಳ ಹೊಳೆಯುತ್ತಿದೆ, ಅದನ್ನು ತೊಳೆದ ಸಾಮಾನು ಮಗುವಿನ ಕೋಣೆಯಲ್ಲಿದೆ.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು, ಹುಡುಗಿಯರು ಹೊರಗೆ ನಡೆದವರ ಪರ ಕೈ ಎತ್ತುತ್ತಾರೆ. ಆಗ ನಾನು ನಮ್ಮ ಸೀಮೆಯ ಕಡೆ ತಿರುಗುತ್ತೇನೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಎಂಟು ಘಟಕಗಳ ಸಾಮರ್ಥ್ಯ 1720 ಮೆಗಾವ್ಯಾಟ್. ಬೆಳಕು ತಂತಿ ಹಿಡಿದು ರಾಜ್ಯದ ಉದ್ದಗಲಕ್ಕೆ ಹೋಗುತ್ತದೆ, ಬೂದಿ ಕೃಷ್ಣಾ ದಂಡೆಯಲ್ಲೇ ಉಳಿಯುತ್ತದೆ. ಸಂಡೂರಿನ ಗುಡ್ಡದ ಅದಿರು ಎಲ್ಲೆಲ್ಲಿಯೋ ಸೇತುವೆಯಾಗುತ್ತದೆ, ಕೆಂಪು ಧೂಳು ಇಲ್ಲಿಯವರ ಎದೆಯೊಳಗೆ ಇಳಿಯುತ್ತದೆ. ಓಮೆಲಾಸಿನಲ್ಲಿ ನಾವು ಎಲ್ಲಿದ್ದೇವೆ? ಹಬ್ಬದ ಬೀದಿಯಲ್ಲೋ, ನೆಲಮಾಳಿಗೆಯಲ್ಲೋ?

ಹಾಗೆಂದು ನಾವು ಪೂರ್ತಿ ನೆಲಮಾಳಿಗೆಯವರು ಎಂದುಕೊಳ್ಳುವುದೂ ಸುಳ್ಳು. ಹತ್ತಿ ಬೀಜದ ಹೊಲಗಳಿಗೆ ಬನ್ನಿ. ಹೈಬ್ರಿಡ್ ಬೀಜ ಮಾಡಬೇಕಾದರೆ ಸಂಜೆ ಹೊತ್ತು ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗವನ್ನು ಉಗುರಿನಿಂದ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಗಂಡು ಹೂ ತಂದು ಅದಕ್ಕೆ ಸವರಬೇಕು. ಒಂದೊಂದೇ ಹೂವಿಗೆ. ನಾವು ‘ಕ್ರಾಸಿಂಗ್’ ಎನ್ನುತ್ತೇವೆ. ಬೆರಳು ಸಣ್ಣದು, ಎತ್ತರ ಗಿಡದಷ್ಟೇ, ಕೂಲಿ ಕಡಿಮೆ ಎಂದು ಇದಕ್ಕೆ ಹುಡುಗಿಯರನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದದ್ದು ನಮ್ಮ ಊರುಗಳಲ್ಲೇ. ಕರೆದುಕೊಂಡು ಹೋದವರು ನಮ್ಮವರೇ. ಕಾಯ್ದೆ ಇದೆ, ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ. ಆ ಬೀಜದಿಂದ ಬೆಳೆದ ಹತ್ತಿಯ ಅಂಗಿ ಇಲ್ಲಿ ಯಾರ ಮೈಮೇಲೆ ಇದೆಯೋ, ನನ್ನ ಮೈಮೇಲಿನ ಸೀರೆಯೂ ಸೇರಿ, ಹೇಳುವವರು ಯಾರು?

ಹೊರಗೆ ನಡೆಯುವ ಮಾತಿಗೆ ಬಂದರೆ, ನಮ್ಮಲ್ಲಿ ಊರು ಬಿಟ್ಟು ನಡೆಯುವವರು ಯಾರು? ಗುಳೆ ಹೋಗುವವರು. ಮಳೆ ಕೈಕೊಟ್ಟ ವರ್ಷ ದೇವದುರ್ಗದಿಂದ, ಲಿಂಗಸುಗೂರಿನಿಂದ, ಕುಷ್ಟಗಿಯಿಂದ ಗಂಟುಮೂಟೆ, ಕೂಸು, ಕೋಳಿ ಸಮೇತ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುವವರು. ಅವರು ಆತ್ಮಸಾಕ್ಷಿ ಕುಟುಕಿ ಹೊರಟವರಲ್ಲ, ಹೊಟ್ಟೆ ಕುಟುಕಿ ಹೊರಟವರು. ಲೆ ಗ್ವಿನ್ ಕಥೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಹೊರಟುಹೋಗುವುದು ಸುಂದರವಾಗಿ ಕಾಣುತ್ತದೆ, ಮಗು ಮಾತ್ರ ಅಲ್ಲಿಯೇ ಇರುತ್ತದೆ. 2018ರಲ್ಲಿ ಎನ್. ಕೆ. ಜೆಮಿಸಿನ್ ಎಂಬ ಕಪ್ಪು ಅಮೆರಿಕನ್ ಲೇಖಕಿ ಇದಕ್ಕೆ ಉತ್ತರವಾಗಿ ಒಂದು ಕಥೆ ಬರೆದರು. ಅಲ್ಲಿ ಜನ ಹೊರಟುಹೋಗುವುದಿಲ್ಲ, ಉಳಿದು ಹೋರಾಡುತ್ತಾರೆ. ಆ ಹೋರಾಟಕ್ಕೂ ಬೆಲೆ ಇದೆ, ಕೈ ಕೊಳೆಯಾಗುತ್ತದೆ, ಅದನ್ನು ಆಕೆ ಮುಚ್ಚಿಡುವುದಿಲ್ಲ. ಆದರೂ ನಾನು ಉಳಿಯುವವರ ಕಡೆ.

ಉಳಿದು ಕಟ್ಟುವುದು ಹೇಗೆ ಎಂಬುದಕ್ಕೆ ಲೆ ಗ್ವಿನ್ ಅವರ ಇನ್ನೊಂದು ಕಾದಂಬರಿ ಇದೆ, 1974ರ ‘ದ ಡಿಸ್ಪೊಸೆಸ್ಡ್’. ಅನಾರೆಸ್ ಎಂಬ ಒಣ ನೆಲ, ಮಳೆಯಿಲ್ಲ, ಧೂಳು. ಓದುತ್ತಾ ಓದುತ್ತಾ ನನಗೆ ನಮ್ಮ ಎರೆಹೊಲಗಳ ಬೇಸಿಗೆ ಕಣ್ಣಿಗೆ ಕಟ್ಟುತ್ತಿತ್ತು. ಸರ್ಕಾರವಿಲ್ಲ, ಆಸ್ತಿಯಿಲ್ಲ, ಹೆಂಗಸರು ಗಂಡಸರು ಎಲ್ಲ ಕೆಲಸದಲ್ಲೂ ಸಮ. ಹೊಲಸು ಕೆಲಸ ಯಾರದು? ಎಲ್ಲರದು, ಹತ್ತು ದಿನಕ್ಕೆ ಒಂದು ದಿನ ವಿಜ್ಞಾನಿಯೂ ಅದಕ್ಕೆ ಕೈ ಹಾಕಬೇಕು. ಆದರೆ ಆ ಊರನ್ನೂ ಲೇಖಕಿ ದೇವಲೋಕ ಮಾಡುವುದಿಲ್ಲ. ಬರಗಾಲ ಬಂದಾಗ ಶೆವೆಕ್ ಎಂಬ ಭೌತವಿಜ್ಞಾನಿಗೆ ಯಾರಿಗೆ ಪೂರ್ತಿ ಪಾಲು, ಯಾರಿಗೆ ಅರ್ಧ ಎಂದು ಪಟ್ಟಿ ಮಾಡುವ ಕೆಲಸ ಬರುತ್ತದೆ. ಅವನು ಆ ಕೆಲಸ ಬಿಡುತ್ತಾನೆ. ಪಟ್ಟಿ ಮಾಡಲು ಒಪ್ಪುವ ಯಾರಾದರೂ ಒಬ್ಬರು ಯಾವಾಗಲೂ ಸಿಕ್ಕೇ ಸಿಗುತ್ತಾರೆ ಎನ್ನುವುದು ಅವನ ಸಂಕಟ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋಗಿ ಕಚೇರಿಗೆ ಅಲೆದವರಿಗೆ ಈ ಪುಟ ಕಾದಂಬರಿಯ ಹಾಗೆ ಕಾಣುವುದಿಲ್ಲ.

ಅರ್ಧ ಪಾಲು, ಪೂರ್ತಿ ಪಾಲು ಎಂದಾಗ ನನಗೆ ಲಕ್ಕಮ್ಮ ನೆನಪಾಗುತ್ತಾಳೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ, ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಅವರ ಕಾಯಕ. ‘ಕಾಯಕವೆ ಕೈಲಾಸ’ ಎಂಬ ಮಾತು ಮಾರಯ್ಯನ ವಚನದ್ದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಕೇಳಿದಳು:

ಆಸೆಯೆಂಬುದು ಅರಸಿಂಗಲ್ಲದೆ, ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ, ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.

ಹೆಚ್ಚಿನ ಅಕ್ಕಿ ತಿರುಗಿ ಹೋಯಿತು. ಹನ್ನೆರಡನೆಯ ಶತಮಾನದ ಆ ಕಲ್ಯಾಣ ನಮ್ಮ ನಾಡು ಕಂಡ ದೊಡ್ಡ ‘ಹೀಗಿದ್ದರೆ’. ಅದರ ನೀತಿಯನ್ನು ಅಲ್ಲಿ ಕಾದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಉಡಿಯ ಅಕ್ಕಿ ಅಳೆದ ಹೆಂಗಸು. ಹಿತ್ತಲಿಂದ ಹೋಗಿ ನೋಡಿದರೂ ತಲೆ ಎತ್ತಿ ಮಾತಾಡಬಲ್ಲ ಆದರ್ಶ ಊರು ಯಾವುದು ಎಂದು ನನ್ನನ್ನು ಕೇಳಿದರೆ, ನಾನು ಮೊದಲು ಆ ಮನೆಯನ್ನು ತೋರಿಸುತ್ತೇನೆ.

ಮಾತಿನ ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಮೇಡಂ, ಇಂಥ ಕಥಿ ನಮ್ಮ ಕಡೆ ಹೆಂಗ ಬರೀಬೇಕ್ರಿ? ನಮಗ ಹಿಮ ಗೊತ್ತಿಲ್ಲ, ಗ್ರಹ ಗೊತ್ತಿಲ್ಲ.’ ನಾನು ಆಕೆಯ ಊರು ಕೇಳಿದೆ. ಮಾನ್ವಿ ಕಡೆಯವಳು, ಕಾಲುವೆಯ ಕೊನೆಭಾಗ. ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಮೀರಿ ಹರಿಯುತ್ತದೆ. ಮೇಲ್ಭಾಗದವರು ಎರಡು ಬೆಳೆ ಭತ್ತ ಬೆಳೆಯುವಾಗ ಕೊನೆಭಾಗದವರು ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜು ನೋಡುತ್ತಾ ನಿಲ್ಲುತ್ತಾರೆ, ರಸ್ತೆ ತಡೆ ಮಾಡುತ್ತಾರೆ. ನಾನು ಹೇಳಿದೆ, ನೀರು ಮೊದಲು ಕೊನೆಭಾಗಕ್ಕೆ ಮುಟ್ಟಿ, ಅಲ್ಲಿಂದ ಮೇಲಕ್ಕೆ ಬರುವ ಒಂದು ಕಾಲುವೆ ಊಹಿಸು. ಅಲ್ಲಿ ಯಾರು ಶ್ರೀಮಂತರು, ಯಾರ ಮನೆಗೆ ಹೆಣ್ಣು ಕೊಡುತ್ತಾರೆ, ಗುಳೆ ಯಾರು ಹೋಗುತ್ತಾರೆ? ನಾಟಿ ಹಚ್ಚುವ ಹೆಂಗಸರು ಎಷ್ಟು ಗಂಟೆಗೆ ಏಳುತ್ತಾರೆ, ಅವರು ಕೆಸರಿನಲ್ಲಿ ನಿಂತಿರುವಾಗ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ? ನೀರು ಸಿಕ್ಕ ಮೇಲೆ ಕೊನೆಭಾಗದವರು ಮೇಲಿನವರಿಗೆ ಪಾಲು ಬಿಡುತ್ತಾರೋ, ಇಲ್ಲ ತಾವೂ ತೂಬು ಕಟ್ಟಿಕೊಳ್ಳುತ್ತಾರೋ?

ಅಷ್ಟರಲ್ಲಿ ಆಕೆಯ ಪಕ್ಕದಲ್ಲಿದ್ದ ಗಂಗಾವತಿಯ ಹುಡುಗ ಎದ್ದು ನಿಂತ. ‘ಹಂಗಾದ್ರ ನಮ್ಮ ಗದ್ದಿ ಏನಾಗಬೇಕ್ರಿ?’ ಎಂದು ಅವನು, ‘ಇಷ್ಟು ದಿನ ನಮ್ಮದು ಏನಾಗಿತ್ತು?’ ಎಂದು ಅವಳು. ಇಬ್ಬರಿಗೂ ಒಂದೊಂದು ಕಥೆ ಬರೆದುಕೊಂಡು ಬರಲು ಹೇಳಿದ್ದೇನೆ. ಅವನು ಕೊನೆಭಾಗದ ಒಬ್ಬ ಹೆಂಗಸಿನ ಬಾಯಲ್ಲಿ ಬರೆಯಬೇಕು, ಅವಳು ಮೇಲ್ಭಾಗದ ಒಬ್ಬ ರೈತನ ಬಾಯಲ್ಲಿ.